ಆಲ್ಟ್ ಒತ್ತಿ ಹಿಡಿದ ನಲವತ್ತು ವರ್ಷ

ಕಂಪ್ಯೂಟರ್ ಮುಂದೆ ಕೂತು ಅನ್ನ ಸಂಪಾದಿಸುವವರಿಗೆ 2025ರ ಎರಡು ತಾರೀಕುಗಳು ನೆನಪಿನಲ್ಲಿ ಉಳಿಯುತ್ತವೆ. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ನವೆಂಬರ್ 20ಕ್ಕೆ ವಿಂಡೋಸ್‌ನ ಮೊದಲ ಆವೃತ್ತಿ ಹೊರಬಂದು ನಲವತ್ತು ವರ್ಷ ತುಂಬಿತು. ಇಂಥ ಹೊತ್ತಿನಲ್ಲಿ ಹೊಸ ಯಂತ್ರ, ಹೊಸ ಆವೃತ್ತಿ, ಕೃತಕ ಬುದ್ಧಿಮತ್ತೆ ಎಂದು ದೊಡ್ಡ ಮಾತುಗಳೇ ಹೆಚ್ಚು. ಅವನ್ನೆಲ್ಲ ಪಕ್ಕಕ್ಕಿಟ್ಟು, ನಲವತ್ತು ವರ್ಷದಿಂದ ನಮ್ಮ ಎಡಗೈ ಅಡಿಯಲ್ಲೇ ಇದ್ದ ಒಂದು ಸಣ್ಣ ವಿದ್ಯೆಯ ಲೆಕ್ಕವನ್ನು ಇಲ್ಲಿ ನೋಡೋಣ. ತೆರೆದಿಟ್ಟ ಒಂದು ವಿಂಡೋದಿಂದ ಇನ್ನೊಂದಕ್ಕೆ, ಕೀಲಿಮಣೆಯಿಂದ ಕೈ ಎತ್ತದೆ ಹೋಗುವ ವಿದ್ಯೆ ಅದು.

ಆಂಧ್ರ, ಕರ್ನಾಟಕ ಗಡಿಯ ನಮ್ಮ ಸೀಮೆಯಲ್ಲಿ ಇದು ಸಣ್ಣ ವಿಷಯವಲ್ಲ. ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರುಗಳ ಜೊತೆ ರಾಯದುರ್ಗವೂ ಅದಕ್ಕೆ ಸೇರಿತು, ಬಳ್ಳಾರಿ ಕರ್ನಾಟಕದ ಕಡೆಗೆ ಬಂತು. ಶಿರಾ, ಪಾವಗಡ, ಮಧುಗಿರಿಗಳ ಮಗ್ಗುಲಲ್ಲೇ ಇರುವ ಮಡಕಶಿರಾ ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರ ಏಪ್ರಿಲ್ 4ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಜಿಲ್ಲೆಯ ಹೆಸರು ಬದಲಾದರೂ ಜನರ ಬದುಕಿನ ಬಗೆ ಬದಲಾಗಲಿಲ್ಲ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಯ ಮನೆಗಳಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬ್ಯಾಂಕಿನ ಅರ್ಜಿಯಲ್ಲಿ ಇಂಗ್ಲಿಷ್. ಹೀಗಿರುವಾಗ ಇಲ್ಲಿ ಕಂಪ್ಯೂಟರ್ ಮುಂದೆ ಕೂತವರಿಗೆ ಒಂದೇ ವಿಂಡೋ ಸಾಕಾಗುವ ದಿನ ಅಪರೂಪ.

ಈಚೆಗೆ ಮಡಕಶಿರಾದ ಒಂದು ಸೇವಾ ಕೇಂದ್ರದಲ್ಲಿ ಕಂಡ ಕೆಲಸ ಇದು. ರೊಳ್ಳ ಕಡೆಯ ರೈತರೊಬ್ಬರಿಗೆ ಸಾಲದ ಅರ್ಜಿ ತುಂಬಬೇಕಿತ್ತು. ಅವರಿಗೆ ಊರಿನಲ್ಲಿ ಒಂದಿಷ್ಟು ಜಮೀನು, ತಾಯಿಯ ಕಡೆಯಿಂದ ಬಂದ ಪಾಲು ಶಿರಾ ತಾಲ್ಲೂಕಿನಲ್ಲಿ ಇನ್ನೊಂದಿಷ್ಟು. ಪರದೆಯ ಮೇಲೆ ಮೂರು ವಿಂಡೋ: ಆಂಧ್ರದ ಮೀಭೂಮಿ ಜಾಲತಾಣದಲ್ಲಿ ತೆಲುಗಿನ 1-ಬಿ ಜಮೀನು ದಾಖಲೆ, ಕರ್ನಾಟಕದ ಭೂಮಿ ಜಾಲತಾಣದಲ್ಲಿ ಕನ್ನಡದ ಪಹಣಿ, ಬ್ಯಾಂಕಿನ ಇಂಗ್ಲಿಷ್ ಅರ್ಜಿ. ಕೌಂಟರಿನಲ್ಲಿದ್ದ ಹುಡುಗಿ ಎಡಗೈ ಹೆಬ್ಬೆರಳನ್ನು ಆಲ್ಟ್ ಕೀಲಿಯ ಮೇಲೆ ಊರಿ ನಡುಬೆರಳಿನಿಂದ ಟ್ಯಾಬ್ ತಟ್ಟಿದಳು, ಪಹಣಿ ಬಂತು. ಸರ್ವೆ ನಂಬರ್ ಓದಿಕೊಂಡು ಮತ್ತೊಮ್ಮೆ ತಟ್ಟಿದಳು, ಅರ್ಜಿ ಬಂತು. ಟೈಪ್ ಮಾಡಿದಳು. ಹೆಬ್ಬೆರಳು ಹಿಡಿದೇ ಎರಡು ಸಲ ತಟ್ಟಿದಳು, 1-ಬಿ ಬಂತು. ಬಲಗೈ ಅಂಕಿಗಳ ಮೇಲೇ ಇತ್ತು, ಮೌಸ್ ಪಕ್ಕದಲ್ಲಿ ಸುಮ್ಮನೆ ಕೂತಿತ್ತು. ಎರಡು ರಾಜ್ಯಗಳ ನಡುವೆ ಹತ್ತಾರು ಸಲ ಓಡಾಡಿದರೂ ಆಕೆ ಒಂದು ಅಂಕಿಯನ್ನೂ ಎರಡನೇ ಬಾರಿ ಕೇಳಲಿಲ್ಲ.

ಅದೇ ಕೆಲಸವನ್ನು ಮೌಸ್‌ನಲ್ಲಿ ಮಾಡುವವರನ್ನೂ ನೋಡಿದ್ದೇವೆ. ಕೈ ಕೀಲಿಮಣೆ ಬಿಟ್ಟು ಮೌಸ್ ಹಿಡಿಯುತ್ತದೆ, ಬಾಣ ಪರದೆಯ ಕೆಳಗಿನ ಪಟ್ಟಿಗೆ ಇಳಿಯುತ್ತದೆ. ಅಲ್ಲಿ ಒಂದೇ ಬಣ್ಣದ ಮೂರು ಚಿತ್ರಗಳು. ಯಾವುದು ಎಂದು ಹುಡುಕಿ ಒತ್ತಿದರೆ ಬೇರೆಯದು ತೆರೆದುಕೊಳ್ಳುತ್ತದೆ. ಸರಿಯಾದದ್ದು ಸಿಗುವ ಹೊತ್ತಿಗೆ ಸರ್ವೆ ನಂಬರಿನ ಜೊತೆಗಿನ ಹಿಸ್ಸಾ ಮರೆತಿರುತ್ತದೆ. ಮತ್ತೆ ಹಿಂದಕ್ಕೆ ಹೋಗಬೇಕು. ಓದಿಕೊಂಡ ಅಂಕಿ ತಲೆಯಲ್ಲಿ ನಿಲ್ಲುವುದು ಎರಡು ಉಸಿರಿನಷ್ಟು ಹೊತ್ತು. ಆ ಎರಡು ಉಸಿರಿನೊಳಗೆ ಆಚೆ ದಡ ಸೇರಿದರೆ ಅಂಕಿ ಉಳಿಯುತ್ತದೆ, ಇಲ್ಲದಿದ್ದರೆ ಪಹಣಿಯಲ್ಲಿ ಒಂದು ನಂಬರ್, ಅರ್ಜಿಯಲ್ಲಿ ಇನ್ನೊಂದು ನಂಬರ್ ಆಗುತ್ತದೆ. ಆ ತಪ್ಪಿಗೆ ಕೂಲಿ ಬಿಟ್ಟು ಮತ್ತೆ ಬಸ್ ಹತ್ತಿ ಬರುವವರು ರೈತರು. ಆದ್ದರಿಂದ ಕೀಲಿಯ ವಿದ್ಯೆಯನ್ನು ಬರೀ ವೇಗದ ವಿದ್ಯೆ ಎಂದು ತಿಳಿಯಬಾರದು. ಅದು ಕೆಲಸದ ಎಳೆ ಕಡಿಯದಂತೆ ಕಾಯುವ ವಿದ್ಯೆ.

ಆಲ್ಟ್, ಟ್ಯಾಬ್ ಎಂಬ ಈ ಜೋಡಿ ಕೀಲಿ 1985ರ ಮೊದಲ ವಿಂಡೋಸ್‌ನಿಂದಲೇ ಇದೆ. ಆಗ ವಿಂಡೋಗಳು ಗೋಡೆಗೆ ಕೂರಿಸಿದ ಬಿಲ್ಲೆಗಳಂತೆ ಪಕ್ಕಪಕ್ಕದಲ್ಲಿ ಇರುತ್ತಿದ್ದವು. ಒಂದರ ಮೇಲೊಂದು ಹೇರಿಕೊಂಡು ಕೂರಲು ಶುರುವಾದದ್ದು 1987ರ ಎರಡನೇ ಆವೃತ್ತಿಯಲ್ಲಿ. 1995ರ ವಿಂಡೋಸ್ ಕೆಳಗಿನ ಟಾಸ್ಕ್‌ಬಾರ್ ಕೊಟ್ಟಿತು, ಆಲ್ಟ್ ಟ್ಯಾಬ್ ಒತ್ತಿದರೆ ಚಿತ್ರಗಳ ಸಾಲನ್ನು ನಡುಪರದೆಯಲ್ಲಿ ತೋರಿಸಿತು. 2007ರ ವಿಸ್ಟಾದಲ್ಲಿ ಚಿತ್ರದ ಜಾಗಕ್ಕೆ ವಿಂಡೋದ ಪುಟ್ಟ ಪಡಿಯಚ್ಚೇ ಬಂತು. 2009ರ ವಿಂಡೋಸ್ 7ರಲ್ಲಿ ವಿಂಡೋಸ್ ಕೀಲಿ ಹಿಡಿದು ಎಡ ಬಾಣ, ಬಲ ಬಾಣ ಒತ್ತಿದರೆ ಎರಡು ವಿಂಡೋ ಪರದೆಯನ್ನು ಅರ್ಧರ್ಧ ಹಂಚಿಕೊಳ್ಳುವಂತಾಯಿತು. 2015ರ ವಿಂಡೋಸ್ 10 ಒಂದೇ ಯಂತ್ರದಲ್ಲಿ ಹಲವು ಮೇಜುಗಳನ್ನು ಕೊಟ್ಟಿತು. ಕಂಟ್ರೋಲ್, ವಿಂಡೋಸ್ ಕೀಲಿ ಎರಡನ್ನೂ ಹಿಡಿದು ಬಾಣ ಒತ್ತಿದರೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಬಹುದು. ಮ್ಯಾಕ್‌ನಲ್ಲಿ ಆಲ್ಟ್ ಬದಲು ಕಮಾಂಡ್ ಕೀಲಿ. ಲಿನಕ್ಸ್‌ನಲ್ಲಿಯೂ ಇದೇ ಬೆರಳುಗಾರಿಕೆ ಹೆಚ್ಚುಕಡಿಮೆ ಹಾಗೇ ನಡೆಯುತ್ತದೆ.

ಇದನ್ನು ಬಳಸುವವರಲ್ಲೂ ಬಹಳ ಮಂದಿಗೆ ಇದರ ಒಳಗುಟ್ಟು ತಿಳಿದಿಲ್ಲ. ಆಲ್ಟ್ ಟ್ಯಾಬ್‌ನ ಸಾಲು ವಿಂಡೋಗಳನ್ನು ತೆರೆದ ಕ್ರಮದಲ್ಲಿ ಇರುವುದಿಲ್ಲ, ಬಳಸಿದ ಕ್ರಮದಲ್ಲಿ ಇರುತ್ತದೆ. ಈಗ ಎದುರಿಗಿರುವ ವಿಂಡೋ ಆದ ಮೇಲೆ, ಈಗಷ್ಟೇ ಬಿಟ್ಟು ಬಂದದ್ದೇ ಸಾಲಿನಲ್ಲಿ ಮೊದಲು. ಹಾಗಾಗಿ ಎರಡು ವಿಂಡೋಗಳ ನಡುವೆ ಓಡಾಡುವವರಿಗೆ ಒಂದೇ ತಟ್ಟು ಸಾಕು, ಮತ್ತೊಂದು ತಟ್ಟಿದರೆ ಮೊದಲಿದ್ದಲ್ಲಿಗೇ ವಾಪಸು. ಮೂರನೆಯದು ಬೇಕಾದರೆ ಆಲ್ಟ್ ಬಿಡದೆ ಎರಡು ತಟ್ಟು. ಗುರಿ ದಾಟಿ ಮುಂದೆ ಹೋದರೆ ಶಿಫ್ಟ್ ಸೇರಿಸಿ ಹಿಂದಕ್ಕೆ ಬರಬಹುದು. ಹೊಸಬರು ಮಾಡುವ ತಪ್ಪು ಒಂದೇ: ನೋಡುವ ಮೊದಲೇ ಆಲ್ಟ್ ಬಿಟ್ಟುಬಿಡುವುದು. ಹೆಬ್ಬೆರಳು ತಾಳ್ಮೆಯಿಂದ ಊರಿರಬೇಕು, ನಡುಬೆರಳು ಮಾತ್ರ ಆಡಬೇಕು.

ಏಳೆಂಟು ವಿಂಡೋ ತೆರೆದಿಟ್ಟವರಿಗೆ ಇದು ಸಾಲದು. ಅವರಿಗೆ ವಿಂಡೋಸ್ ಕೀಲಿಯ ಜೊತೆ 1, 2, 3 ಎಂದು ಅಂಕಿ ಒತ್ತುವ ದಾರಿ ಇದೆ. ಟಾಸ್ಕ್‌ಬಾರಿನಲ್ಲಿ ಎಡದಿಂದ ಮೊದಲನೆಯದಕ್ಕೆ 1, ಎರಡನೆಯದಕ್ಕೆ 2. ಆಲ್ಟ್ ಟ್ಯಾಬ್ ನೆನಪಿನ ದಾರಿಯಾದರೆ ಅಂಕಿಯದು ವಿಳಾಸದ ದಾರಿ. ಬ್ರೌಸರಿನ ಒಳಗಿನ ಟ್ಯಾಬುಗಳ ನಡುವೆ ಓಡಾಡಲು ಕಂಟ್ರೋಲ್ ಟ್ಯಾಬ್. ಇಷ್ಟು ಕೈಗೆ ಹತ್ತಿದರೆ ದಿನದ ಕೆಲಸದ ಬಹುಭಾಗಕ್ಕೆ ಮೌಸ್ ಬೇಕಾಗುವುದಿಲ್ಲ.

ಆದರೆ ನಲವತ್ತು ವರ್ಷದ ಲೆಕ್ಕವನ್ನು ಬರೀ ಕೀಲಿಗಳಲ್ಲಿ ಮುಗಿಸಿದರೆ ನಮ್ಮ ಸೀಮೆಯ ನಿಜವಾದ ಕಥೆ ಬಿಟ್ಟುಹೋಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ರಾಯದುರ್ಗದಲ್ಲಿ ಡಿಟಿಪಿ ಕೆಲಸ ಮಾಡಿದವರಿಗೆ ಅದು ಗೊತ್ತು. ಈ ಸಾಲುಗಳನ್ನು ಬರೆಯುತ್ತಿರುವವನೂ ಅವರಲ್ಲಿ ಒಬ್ಬ. ಆಗ ಹೆಚ್ಚಿನ ಕೆಲಸ ಮದುವೆ ಕಾರ್ಡು. ಹೆಣ್ಣು ಮೊಳಕಾಲ್ಮೂರು ಕಡೆಯವರು, ಗಂಡು ರಾಯದುರ್ಗದವರು. ಕಾರ್ಡಿನ ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ತೆಲುಗು. ಪೇಜ್‌ಮೇಕರಿನಲ್ಲಿ ಎರಡು ಪುಟ. ಕನ್ನಡಕ್ಕೆ ಒಂದು ತಂತ್ರಾಂಶ, ತೆಲುಗಿಗೆ ಇನ್ನೊಂದು. ಆಲ್ಟ್ ಟ್ಯಾಬ್ ಆಗಲೂ ಕ್ಷಣದಲ್ಲಿ ಆಚೆಗೆ ಒಯ್ಯುತ್ತಿತ್ತು, ಆದರೆ ಹೊತ್ತೊಯ್ದ ಅಕ್ಷರ ಅಲ್ಲಿ ಬದುಕುತ್ತಿರಲಿಲ್ಲ. ಕನ್ನಡ ಎಂದು ಕಾಣುತ್ತಿದ್ದದ್ದು ಕಂಪ್ಯೂಟರಿನ ಪಾಲಿಗೆ ಇಂಗ್ಲಿಷ್ ಅಕ್ಷರಗಳೇ. ಅವುಗಳಿಗೆ ಕನ್ನಡದ ಆಕಾರ ತೊಡಿಸಿದ್ದರು, ಅಷ್ಟೆ. ಆ ಫಾಂಟ್ ಇಲ್ಲದ ವಿಂಡೋಗೆ ಅಂಟಿಸಿದರೆ ವಧುವಿನ ಹೆಸರು ಅರ್ಥವಿಲ್ಲದ ಗುರುತುಗಳ ಸಾಲಾಗುತ್ತಿತ್ತು. ತೆಲುಗು ಫಾಂಟ್ ತೊಡಿಸಿದರೆ ಇನ್ಯಾವುದೋ ಅಕ್ಷರಗಳ ರಾಶಿಯಾಗುತ್ತಿತ್ತು.

ಹಾಗಾಗಿ ಪ್ರತಿಯೊಂದನ್ನೂ ಎರಡು ಸಲ ಟೈಪ್ ಮಾಡುತ್ತಿದ್ದೆವು. ಒಮ್ಮೆ ಹಾಗೆ ಮಾಡುವಾಗ ಕನ್ನಡ ಮಗ್ಗುಲಲ್ಲಿ ಒಂದು ಮುಹೂರ್ತ, ತೆಲುಗು ಮಗ್ಗುಲಲ್ಲಿ ಇನ್ನೊಂದು ಮುಹೂರ್ತ ಅಚ್ಚಾಯಿತು. ಮುನ್ನೂರು ಕಾರ್ಡು ಹಂಚಿಯಾಗಿತ್ತು. ಹುಡುಗಿಯ ತಂದೆ ಮನೆಮನೆಗೆ ಹೋಗಿ ಸರಿಯಾದ ವೇಳೆ ಹೇಳಿ ಬಂದರು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಆ ಮೌನ ಇಂದಿಗೂ ನನ್ನಲ್ಲಿ ಉಳಿದಿದೆ. ಆವತ್ತು ನನ್ನ ಬೆರಳುಗಳಿಗೆ ವೇಗದ ಕೊರತೆ ಇರಲಿಲ್ಲ. ಎರಡು ವಿಂಡೋಗಳ ನಡುವೆ ಅಕ್ಷರ ದಾಟಲು ಸೇತುವೆ ಇರಲಿಲ್ಲ.

ಆ ಕಾಲದ ಕನ್ನಡದ ಕೆಲಸಗಾರರನ್ನು ಇಲ್ಲಿ ನೆನೆಯದಿದ್ದರೆ ಕೃತಘ್ನತೆಯಾಗುತ್ತದೆ. ಕಿನ್ನಿಕಂಬಳ ಪದ್ಮನಾಭ ರಾವ್, ಎಲ್ಲರಿಗೂ ಕೆ. ಪಿ. ರಾವ್, ಕನ್ನಡದ ಧ್ವನಿಗೆ ಹೊಂದುವ ಕೀಲಿಮಣೆ ವಿನ್ಯಾಸ ರೂಪಿಸಿದರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ತಂತ್ರಾಂಶ ಬಂತು. ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶವನ್ನು ಕೊಟ್ಟಿತು. ದುಡ್ಡು ಕೊಟ್ಟು ತಂತ್ರಾಂಶ ಕೊಳ್ಳಲಾಗದ ಸಣ್ಣ ಊರಿನ ಅಂಗಡಿಗಳು ಕನ್ನಡದಲ್ಲಿ ಬರೆಯಲು ಕಲಿತದ್ದು ಇವರ ಋಣದಿಂದ.

ಸೇತುವೆ ಕಟ್ಟಿದ್ದು ಯೂನಿಕೋಡ್. ಅದು 1991ರಲ್ಲೇ ಹುಟ್ಟಿದ್ದರೂ ನಮ್ಮ ಮೇಜಿಗೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟಿನ ಜೊತೆ. ಮುಂದೆ ಬರಹ, ನುಡಿ ಎರಡೂ ಅತ್ತ ಹೊರಳಿದವು. ಯೂನಿಕೋಡ್‌ನ ಪಟ್ಟಿಯಲ್ಲಿ ಗಡಿನಾಡಿನವರ ಮನಸ್ಸು ತಟ್ಟುವ ಒಂದು ಸಂಗತಿ ಇದೆ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಅಂಕಿ. ತೆಲುಗಿಗೆ 128 ಮನೆಗಳ ಒಂದು ಓಣಿ, ಅದು ಮುಗಿದ ಕೂಡಲೇ ಕನ್ನಡಕ್ಕೆ 128 ಮನೆಗಳ ಓಣಿ. ನಡುವೆ ಇನ್ನಾರೂ ಇಲ್ಲ. ತೆಲುಗಿನ ಕ 3093ನೇ ಮನೆಯಲ್ಲಿದೆ, ಕನ್ನಡದ ಕ 3221ನೇ ಮನೆಯಲ್ಲಿದೆ. ಒಂದರಿಂದ ಇನ್ನೊಂದನ್ನು ಕಳೆದರೆ ಸರಿಯಾಗಿ 128. ಖ, ಗ, ಘ ಎಲ್ಲಕ್ಕೂ ಇದೇ ದೂರ. ಮಡಕಶಿರಾ ಬಳಿಯ ಹೇಮಾವತಿಯಲ್ಲಿ, ಅಂದರೆ ನೊಳಂಬ ಅರಸರ ಹೆಂಜೇರಿನಲ್ಲಿ, ಕಲ್ಲಿನ ಮೇಲೆ ಕನ್ನಡ ಕೆತ್ತಿಸುತ್ತಿದ್ದ ಕಾಲಕ್ಕೆ ಈ ಎರಡು ಲಿಪಿಗಳು ಬೇರೆಯಾಗಿ ಒಡೆದಿರಲಿಲ್ಲ. ಸಾವಿರ ವರ್ಷದ ಮೇಲೆ ಯಂತ್ರದ ಒಳಗೂ ಅವು ಅಕ್ಕಪಕ್ಕದ ಮನೆಯಲ್ಲೇ ಇವೆ.

ಈಗ ಕನ್ನಡದ ಹೆಸರನ್ನು ಒಂದು ವಿಂಡೋದಲ್ಲಿ ನಕಲಿಸಿ ಇನ್ನೊಂದರಲ್ಲಿ ಅಂಟಿಸಿದರೆ ಹೆಸರು ಹೆಸರಾಗಿಯೇ ಉಳಿಯುತ್ತದೆ. 2018ರ ಕೊನೆಯಿಂದ ವಿಂಡೋಸ್ ಕೀಲಿಯ ಜೊತೆ ವಿ ಒತ್ತಿದರೆ ಹಿಂದೆ ನಕಲಿಸಿದ್ದ ಹಲವು ತುಣುಕುಗಳು ಪಟ್ಟಿಯಾಗಿ ಸಿಗುತ್ತವೆ. ಆ ಸೌಲಭ್ಯವನ್ನು ಒಮ್ಮೆ ಚಾಲೂ ಮಾಡಿಕೊಳ್ಳಬೇಕು, ಅಷ್ಟೆ. ಒಂದೊಂದೇ ಕೊಡ ಹೊತ್ತು ತರುತ್ತಿದ್ದವರಿಗೆ ಇದು ಗಾಡಿ ಸಿಕ್ಕ ಹಾಗೆ.

ಇನ್ನೊಂದು ಲಾಭವನ್ನು ನಾವು ಇನ್ನೂ ಪೂರ್ತಿ ಉಣ್ಣಲಿಲ್ಲ. 1986ರಲ್ಲಿ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ಭಾರತೀಯ ಲಿಪಿಗಳಿಗೆಲ್ಲ ಹೊಂದುವ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನು ತಂದಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಲಗೈಗೆ. ಕ ಬೇಕಾದರೆ ಕನ್ನಡದಲ್ಲೂ ತೆಲುಗಿನಲ್ಲೂ ಒತ್ತಬೇಕಾದ ಕೀಲಿ ಒಂದೇ. 2012ರ ವಿಂಡೋಸ್ 8ರಿಂದ ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ಬೆರಳು ಕಲಿತದ್ದು ಒಂದೇ ಪಾಠ, ಬರೆಯುವುದು ಎರಡು ಲಿಪಿ. ಧ್ವನಿಗೆ ತಕ್ಕಂತೆ ಇಂಗ್ಲಿಷ್ ಅಕ್ಷರ ಒತ್ತಿ ರೂಢಿಯಾದವರಿಗೆ 2019ರಲ್ಲಿ ವಿಂಡೋಸ್ 10ರೊಳಗೇ ಕನ್ನಡ, ತೆಲುಗು ಎರಡಕ್ಕೂ ಫೋನೆಟಿಕ್ ಕೀಲಿಮಣೆ ಬಂದಿದೆ.

ಇದರ ಮೇಲೆ ಒಂದು ಸಣ್ಣ ಆಯ್ಕೆ ಸೆಟ್ಟಿಂಗ್ಸ್‌ನ ಆಳದಲ್ಲಿದೆ: ಒಂದೊಂದು ವಿಂಡೋಗೂ ಅದರದೇ ಭಾಷೆಯನ್ನು ನೆನಪಿಟ್ಟುಕೊಳ್ಳುವಂತೆ ಯಂತ್ರಕ್ಕೆ ಹೇಳಬಹುದು. ಹಾಗೆ ಹೇಳಿದ ಮೇಲೆ ಕನ್ನಡದ ಪತ್ರದಿಂದ ತೆಲುಗಿನ ಅರ್ಜಿಗೆ ಆಲ್ಟ್ ಟ್ಯಾಬ್ ಒತ್ತಿ ಹೋದರೆ ಕೀಲಿಮಣೆಯೂ ಜೊತೆಯಲ್ಲೇ ತೆಲುಗಿಗೆ ತಿರುಗುತ್ತದೆ. ವಾಪಸು ಬಂದರೆ ಕನ್ನಡ. ಎದುರಿಗೆ ಬಂದವರ ಮುಖ ನೋಡಿ ಮಾತಿನ ಭಾಷೆ ಬದಲಿಸುವುದು ರಾಯದುರ್ಗದ ಬಟ್ಟೆ ಅಂಗಡಿಯವರಿಗೆ ಹುಟ್ಟುಗುಣ. ಯಂತ್ರಕ್ಕೂ ಅದನ್ನು ಕಲಿಸಬಹುದು. ನನ್ನ ಪರಿಚಯದ ಆಪರೇಟರುಗಳಲ್ಲಿ ಈ ಆಯ್ಕೆಯನ್ನು ತೆರೆದು ನೋಡಿದವರು ಒಬ್ಬಿಬ್ಬರೂ ಇಲ್ಲ. ಸೌಲಭ್ಯ ಇದೆ, ಹೇಳಿಕೊಡುವವರಿಲ್ಲ.

ಕಣ್ಣು ಕಾಣದವರಿಗೆ ಈ ವಿದ್ಯೆ ಅನುಕೂಲವೊಂದೇ ಅಲ್ಲ, ನಡೆಯುವ ದಾರಿಯೇ ಹೌದು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಓದಿ ಹೇಳುತ್ತದೆ. ಆಲ್ಟ್ ಟ್ಯಾಬ್ ಒತ್ತಿದಂತೆಲ್ಲ ವಿಂಡೋದ ಹೆಸರು ಕಿವಿಗೆ ಬೀಳುತ್ತದೆ. ಅದರೊಡನೆ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶ ಕನ್ನಡವನ್ನೂ ತೆಲುಗನ್ನೂ ಓದುತ್ತದೆ. ಬಾಣ ಎಲ್ಲಿದೆ ಎಂದು ಕಾಣದವರಿಗೆ ಮೌಸ್ ಏನು ಕೊಟ್ಟೀತು? ಕೀಲಿ ಕಲಿಸದೆ ಬಿಟ್ಟರೆ ಅವರಿಗೆ ಕಂಪ್ಯೂಟರನ್ನೇ ನಿರಾಕರಿಸಿದಂತೆ.

ಕಳೆದುಕೊಂಡದ್ದೂ ಇದೆ. ನುಡಿಯಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಹೊರಳಲು ಸ್ಕ್ರಾಲ್ ಲಾಕ್ ಒತ್ತುತ್ತಿದ್ದೆವು. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ. ವರ್ಷಗಟ್ಟಲೆ ಕಲಿತ ಬೆರಳು ಖಾಲಿ ಜಾಗ ತಡವುತ್ತದೆ. ಹಳೆಯ ಫಾಂಟಿನಲ್ಲಿ ಬರೆದಿಟ್ಟ ಊರ ಜಾತ್ರೆಯ ಕರಪತ್ರ, ಸಂಘಗಳ ನಡಾವಳಿ, ಶಾಲೆಯ ವಾರ್ಷಿಕ ಸಂಚಿಕೆಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಬಿಟ್ಟಲ್ಲಿ ಅವು ಡಿಸ್ಕಿನಲ್ಲಿ ಇದ್ದೂ ಇಲ್ಲದಂತಾಗಿವೆ. ಎಲ್ಲಕ್ಕಿಂತ ದೊಡ್ಡ ನಷ್ಟ ಕೀಲಿಮಣೆಯೇ ದೂರವಾಗುತ್ತಿರುವುದು. ಮಕ್ಕಳು ಫೋನಿನಲ್ಲಿ ಒಂದು ಆ್ಯಪಿನಿಂದ ಇನ್ನೊಂದಕ್ಕೆ ಬೆರಳು ಸವರಿ ಹಾರುತ್ತಾರೆ. ಅದು ನೋಡುವವರ ಚಳಕ. ಎರಡು ದಾಖಲೆ ಎದುರಿಟ್ಟು ಹೋಲಿಸಿ ಮೂರನೆಯದನ್ನು ಬರೆಯುವ ಕೆಲಸ ಅಂಗೈಯಗಲದ ಪರದೆಯಲ್ಲಿ ಹದವಾಗಿ ಆಗುವುದಿಲ್ಲ. ನೌಕರಿಗೆಂದು ಬೆಂಗಳೂರಿಗೋ ತುಮಕೂರಿಗೋ ಹೋದ ನಮ್ಮ ಹುಡುಗರು ಮೊದಲ ದಿನ ಹಿಂಜರಿಯುವುದು ಇಲ್ಲೇ.

ಶಾಲೆಯ ಪಾಲನ್ನೂ ಹೇಳಬೇಕು. ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದವರು ಕಂಪ್ಯೂಟರ್ ಪಾಠ ಎಂದರೆ ನೆನಪಿಸಿಕೊಳ್ಳುವುದು ಸಿಪಿಯು, ಮಾನಿಟರ್ ಎಂಬ ಭಾಗಗಳ ಹೆಸರು. ಬೆರಳು ಎಲ್ಲಿಡಬೇಕು, ವಿಂಡೋ ಹೇಗೆ ದಾಟಬೇಕು ಎಂದು ಹೇಳಿಕೊಟ್ಟ ನೆನಪು ಯಾರಿಗೂ ಇಲ್ಲ. ಇನ್ನೊಂದು ಗಡಿಯತ್ತ ನೋಡಿ. ಕೇರಳದಲ್ಲಿ ಐಟಿ ಅಟ್ ಸ್ಕೂಲ್ ಹೆಸರಿನಲ್ಲಿ ಶುರುವಾಗಿ ಈಗ ಕೈಟ್ ಎನಿಸಿಕೊಂಡಿರುವ ಯೋಜನೆ ಶಾಲೆಗಳಿಗೆ ಉಚಿತ ಲಿನಕ್ಸ್ ಒಯ್ದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕಂಪ್ಯೂಟರ್ ಪಾಠದ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಗಡಿಯಾಚೆ ಇರುವುದು ಹಿಂದುಳಿಯಲು ಕಾರಣವಾಗಬೇಕಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಒಟ್ಟು ಲೆಕ್ಕ ಹೀಗಿದೆ. ದಾಟುವ ಕೀಲಿ ನಲವತ್ತು ವರ್ಷದಿಂದ ಇತ್ತು. ದಾಟಿದ ಅಕ್ಷರ ಬದುಕುವುದು ಇಪ್ಪತ್ತು ಚಿಲ್ಲರೆ ವರ್ಷದ ಹಿಂದೆ ಶುರುವಾಯಿತು. ಭಾಷೆಯೂ ವಿಂಡೋದ ಜೊತೆಗೇ ದಾಟುವ ಸೌಲಭ್ಯ ಈಗ ವಿಂಡೋಸ್ ಯಂತ್ರಗಳಲ್ಲಿ ಪುಕ್ಕಟೆ ಇದೆ. ಯಂತ್ರ ತನ್ನ ಪಾಲನ್ನು ಸಲ್ಲಿಸಿದೆ. ಬಾಕಿ ಉಳಿದಿರುವುದು ನಮ್ಮದು.

ಗಡಿನಾಡಿನ ಮೇಷ್ಟ್ರುಗಳಲ್ಲಿ, ಕನ್ನಡ ಸಂಘಗಳಲ್ಲಿ, ಅಂಗಡಿ ಇಟ್ಟುಕೊಂಡ ಹಳೆಯ ಆಪರೇಟರುಗಳಲ್ಲಿ ಒಂದು ಕೋರಿಕೆ. ಬರುವ ಜೂನ್‌ನಲ್ಲಿ ಶಾಲೆ ತೆರೆದಾಗ ಒಂದು ವಾರ, ದಿನಕ್ಕೆ ಅರ್ಧ ಗಂಟೆ ಕೊಡಿ. ಒಂದೇ ಕಂಪ್ಯೂಟರ್ ಇದ್ದರೂ ಸಾಕು. ಮೊದಲ ದಿನ ಆಲ್ಟ್ ಟ್ಯಾಬ್, ಎರಡನೇ ದಿನ ವಿಂಡೋಸ್ ಕೀಲಿಯ ಜೊತೆ ಅಂಕಿ, ಮೂರನೇ ದಿನ ಬಾಣ ಒತ್ತಿ ಪರದೆ ಹಂಚುವುದು, ನಾಲ್ಕನೇ ದಿನ ಸ್ಪೇಸ್ ಒತ್ತಿ ಭಾಷೆ ಬದಲಿಸುವುದು. ಐದನೇ ದಿನ ಮಗು ತನ್ನ ಹೆಸರನ್ನು ಒಂದು ವಿಂಡೋದಲ್ಲಿ ಕನ್ನಡದಲ್ಲೂ ಇನ್ನೊಂದರಲ್ಲಿ ತೆಲುಗಿನಲ್ಲೂ ಬರೆಯಲಿ, ನಡುವೆ ಮೌಸ್ ಮುಟ್ಟದೆ.